ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ದೂರದ ಊರಿಗೆ: ಟಿಕೆಟ್ ಬುಕ್ ಮಾಡುವುದರಿಂದ ಇಳಿಯುವವರೆಗೆ

ಹಬ್ಬದ ಸಾಲು ಶುರುವಾಯಿತೆಂದರೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ‘ಊರಿಗೆ ಹೋಗಬೇಕು, ಯಾವ ಬಸ್ ಬುಕ್ ಮಾಡಲಿ?’ ‘ಅಮ್ಮನಿಗೆ ಶಕ್ತಿ ಯೋಜನೆ ಇದೆಯಲ್ಲ, ಆದರೂ ಯಾಕೆ ದುಡ್ಡು ಕೇಳಿದರು?’ ‘ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ, ಏನು ಮಾಡಲಿ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದು ಕ್ರಮದಲ್ಲಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬುಕ್ ಮಾಡುವುದು ಈಗ ಯಾರಿಗೂ ಕಷ್ಟವಲ್ಲ, ಐದು ನಿಮಿಷದ ಕೆಲಸ. ತೊಂದರೆ ಆಗುವುದು ಮೂರು ಕಡೆ: ಬಸ್ಸಿನ ವರ್ಗ, ಪ್ರಯಾಣದ ತಾರೀಖು, ಹತ್ತುವ ಜಾಗ. ಈ ಮೂರನ್ನು ದುಡ್ಡು ಕಟ್ಟುವ ಮೊದಲು ಒಮ್ಮೆ ನಿಧಾನವಾಗಿ ಓದಿದರೆ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಹಾಗಾಗಿ ಈ ಮೂರರ ಬಗ್ಗೆ ಉದ್ದಕ್ಕೆ ಬರೆದಿದ್ದೇನೆ, ಉಳಿದದ್ದನ್ನು ಚುಟುಕಾಗಿ ಮುಗಿಸಿದ್ದೇನೆ.

ಕೂರುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು ಇಷ್ಟೇ: ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ (ಟಿಕೆಟ್ಟಿನ ಸಂದೇಶ, ಬಸ್ಸಿನ ನಂಬರ್ ಎಲ್ಲ ಅದಕ್ಕೇ ಬರುತ್ತದೆ), ಪ್ರಯಾಣ ಮಾಡುವವರ ಹೆಸರು ಮತ್ತು ವಯಸ್ಸು, ಫೋಟೊ ಇರುವ ಗುರುತಿನ ಚೀಟಿ, ಯುಪಿಐ ಅಥವಾ ಕಾರ್ಡ್. ಅಪ್ಪ ಅಮ್ಮನಿಗಾಗಿ ನೀವು ಬುಕ್ ಮಾಡುತ್ತಿದ್ದರೆ ಅವರ ನಂಬರನ್ನೇ ಕೊಡಿ. ನಿಮ್ಮ ನಂಬರ್ ಕೊಟ್ಟು, ನೀವು ಮಲಗಿದ ಮೇಲೆ ಬಸ್ಸಿನ ವಿವರ ನಿಮ್ಮ ಫೋನಿಗೆ ಬಂದರೆ ನಿಲ್ದಾಣದಲ್ಲಿ ನಿಂತ ಅವರಿಗೆ ಏನು ಪ್ರಯೋಜನ?

1. ಯಾವ ನಿಗಮದ ಬಸ್ ಎಂದು ತಿಳಿದುಕೊಳ್ಳಿ

ನಾವೆಲ್ಲ ಬಾಯಿಮಾತಿಗೆ ‘ಸರ್ಕಾರಿ ಬಸ್’ ಎನ್ನುತ್ತೇವೆ. ಆದರೆ ರಾಜ್ಯದಲ್ಲಿ ಸರ್ಕಾರಿ ಸಾರಿಗೆ ನಿಗಮಗಳು ನಾಲ್ಕು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಆಮೇಲೆ 1997ರಲ್ಲಿ ಬೆಂಗಳೂರು ನಗರದ ಬಸ್ಸುಗಳು ಬಿಎಂಟಿಸಿಯಾಗಿ ಬೇರೆಯಾದವು. ಅದೇ ವರ್ಷ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ಸಾರಿಗೆ ಬಂತು. 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ಬಂತು. ಅದರ ಹೆಸರು 2021ರಿಂದ ಕಲ್ಯಾಣ ಕರ್ನಾಟಕ ಸಾರಿಗೆ.

ಇದು ಪ್ರಯಾಣಿಕರಿಗೆ ಯಾಕೆ ಬೇಕು ಎಂದರೆ, ಬೆಂಗಳೂರಿನಿಂದ ಶಿರಸಿಗೋ ಬೆಳಗಾವಿಗೋ ಹೋಗುವ ಬಸ್ ವಾಯವ್ಯದ್ದಾಗಿರಬಹುದು, ರಾಯಚೂರಿನ ಬಸ್ ಕಲ್ಯಾಣ ಕರ್ನಾಟಕದ್ದಾಗಿರಬಹುದು. ಟಿಕೆಟ್ ಒಂದೇ ಕಡೆ ಸಿಗುತ್ತದೆ, ಆದರೆ ಬಸ್ಸು, ಸಿಬ್ಬಂದಿ, ಡಿಪೋ ಬೇರೆ. ಬಸ್ಸಿನಲ್ಲಿ ಬ್ಯಾಗ್ ಮರೆತು ಬಂದರೆ ಯಾವ ನಿಗಮದ ಯಾವ ಡಿಪೋ ಎಂದು ಗೊತ್ತಿದ್ದವರಿಗೆ ಅರ್ಧ ಕೆಲಸ ಆದಂತೆ.

ಕೇರಳದ ಕಡೆ ಹೋಗುವವರು ಇನ್ನೊಂದು ವಿಷಯ ಗಮನಿಸಿ. ಕೇರಳದ ಸಾರಿಗೆ ಸಂಸ್ಥೆಯೂ ಕೆಎಸ್‌ಆರ್‌ಟಿಸಿ ಎಂಬ ಹೆಸರಿನದೇ. ಎರಡರ ಬುಕಿಂಗ್ ತಾಣ ಬೇರೆ, ಬಸ್ ಬೇರೆ. ಟಿಕೆಟ್ ಒಬ್ಬರದು, ಹತ್ತಲು ನಿಂತದ್ದು ಇನ್ನೊಬ್ಬರ ಬಸ್ಸಿನ ಮುಂದೆ ಎಂದಾಗಬಾರದು.

2. ಬಸ್ಸಿನ ವರ್ಗ ಆರಿಸಿ: ಹೆಸರೇ ಎಲ್ಲವನ್ನೂ ಹೇಳುತ್ತದೆ

ಹುಡುಕಿದಾಗ ಬರುವ ಪಟ್ಟಿಯಲ್ಲಿ ಪ್ರತಿ ಬಸ್ಸಿಗೂ ಒಂದು ಹೆಸರಿರುತ್ತದೆ. ಅದನ್ನು ಬ್ರ್ಯಾಂಡ್ ಹೆಸರೆಂದು ದಾಟಿ, ದರವನ್ನಷ್ಟೇ ನೋಡಿ ಒತ್ತಿಬಿಡುವವರು ಬಹಳ. ಆದರೆ ಕಾಲು ಚಾಚಬಹುದೇ, ಎಸಿ ಇದೆಯೇ, ರಿಯಾಯಿತಿ ಸಿಗುತ್ತದೆಯೇ, ಶಕ್ತಿ ಯೋಜನೆ ನಡೆಯುತ್ತದೆಯೇ ಎನ್ನುವುದೆಲ್ಲ ಆ ಹೆಸರಿನಲ್ಲೇ ಇದೆ.

‘ಕರ್ನಾಟಕ ಸಾರಿಗೆ’ ಅಂದರೆ ನಮಗೆಲ್ಲ ಗೊತ್ತಿರುವ ಕೆಂಪು ಬಸ್. ಸೀಟು ಹಿಂದಕ್ಕೆ ಬಾಗುವುದಿಲ್ಲ, ಬಹುತೇಕ ಬಸ್ಸುಗಳಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ದಾರಿಯಲ್ಲಿ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುತ್ತದೆ. ನಾಲ್ಕೈದು ಗಂಟೆಯ ಹಗಲು ಪ್ರಯಾಣಕ್ಕೆ ಇದು ಸಾಕು. ‘ಅಶ್ವಮೇಧ ಕ್ಲಾಸಿಕ್’ 2024ರ ಫೆಬ್ರುವರಿಯಲ್ಲಿ ಬಂದದ್ದು. ಇದೂ ಎಕ್ಸ್‌ಪ್ರೆಸ್ ವರ್ಗದ ಬಸ್ಸೇ, ಆದರೆ ನಿಲುಗಡೆ ಕಡಿಮೆ, ಹೊಸ ಗಾಡಿ. ಹಗಲು ಹೊತ್ತು ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

‘ರಾಜಹಂಸ’ದಲ್ಲಿ ಎಸಿ ಇಲ್ಲ, ಆದರೆ ಎರಡೂ ಕಡೆ ಎರಡೆರಡೇ ಸೀಟು, ಬೆನ್ನು ಹಿಂದಕ್ಕೆ ಬಾಗುತ್ತದೆ. ‘ಪಲ್ಲಕ್ಕಿ’ 2023ರ ಅಕ್ಟೋಬರ್‌ನಲ್ಲಿ ಶುರುವಾದ, ಎಸಿ ಇಲ್ಲದ ಸ್ಲೀಪರ್, ಅಂದರೆ ಮಲಗಿಕೊಂಡು ಹೋಗುವ ಬಸ್. ಕಿಟಕಿ ತೆರೆದು ಗಾಳಿಗೆ ಮಲಗಬೇಕು, ಎಸಿಯ ಚಳಿ ಒಗ್ಗುವುದಿಲ್ಲ ಎನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿ ಇದೇ ಬಗೆಯ ಬಸ್ಸಿನ ಹೆಸರು ‘ಅಮೋಘವರ್ಷ’, ಅವರ ಎಸಿ ಸ್ಲೀಪರಿನ ಹೆಸರು ‘ಕಲ್ಯಾಣ ರಥ’.

‘ಐರಾವತ’ ಮತ್ತು ‘ಐರಾವತ ಕ್ಲಬ್ ಕ್ಲಾಸ್’ ಎಸಿ ಬಸ್ಸುಗಳು. ಇವುಗಳಲ್ಲಿ ಕೂರುವುದು, ಮಲಗುವುದಲ್ಲ. ಕ್ಲಬ್ ಕ್ಲಾಸ್ ಎಂದರೆ ಹಿಂದೆ ಎರಡು ಆಕ್ಸಲ್ ಇರುವ ಉದ್ದನೆಯ ಬಸ್, ರಸ್ತೆಯ ಕುಲುಕಾಟ ಕಡಿಮೆ. ‘ಅಂಬಾರಿ’ ಎಂದು ಶುರುವಾಗುವ ಹೆಸರುಗಳೆಲ್ಲ ಎಸಿ ಸ್ಲೀಪರ್: ಅಂಬಾರಿ, ಅಂಬಾರಿ ಡ್ರೀಮ್ ಕ್ಲಾಸ್, 2023ರಲ್ಲಿ ಬಂದ ಅಂಬಾರಿ ಉತ್ಸವ. ‘ಇವಿ ಪವರ್ ಪ್ಲಸ್’ ಬ್ಯಾಟರಿಯಲ್ಲಿ ಓಡುವ ಎಸಿ ಬಸ್. ಬೆಂಗಳೂರು–ಮೈಸೂರಿನಂಥ ಮಧ್ಯಮ ದೂರಕ್ಕೆ ಓಡುತ್ತದೆ, ಸದ್ದಿಲ್ಲದ ಪ್ರಯಾಣ. ವಿಮಾನದಲ್ಲಿ ಬಂದಿಳಿದು ನೇರ ಮೈಸೂರಿಗೆ ಹೋಗುವವರಿಗೆ ‘ಫ್ಲೈ ಬಸ್’ ಇದೆ, ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಿಸುವ ಗೋಜಿಲ್ಲ.

ಯಾವುದನ್ನು ಆರಿಸಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ರಾತ್ರಿಯ ಎಂಟು ಗಂಟೆಯ ಪ್ರಯಾಣ, ಮಾರನೇ ದಿನ ಬೆಳಿಗ್ಗೆ ಕೆಲಸವಿದೆ ಎಂದರೆ ಸ್ಲೀಪರ್‌ಗೆ ಕೊಡುವ ದುಡ್ಡು ದಂಡವಲ್ಲ. ಆದರೆ ವಾಂತಿ ಬರುವವರು, ಘಾಟಿ ದಾರಿಯಲ್ಲಿ ಹೋಗುವವರು ಸ್ಲೀಪರಿಗಿಂತ ಕೂರುವ ಬಸ್ಸನ್ನೇ ಆರಿಸಿಕೊಳ್ಳಿ. ಶಿರಾಡಿಯ ತಿರುವುಗಳಲ್ಲಿ ಮಲಗಿದ ಮೈ ಅತ್ತಿಂದಿತ್ತ ಉರುಳುತ್ತದೆ. ಕೂತಿದ್ದರೆ ಕಣ್ಣು ರಸ್ತೆಯ ಮೇಲಿರುತ್ತದೆ, ಹೊಟ್ಟೆ ಅಷ್ಟು ತೊಳಸುವುದಿಲ್ಲ. ಮಂಡಿನೋವಿರುವ ಹಿರಿಯರಿಗೆ ಸ್ಲೀಪರ್ ಮಾಡುವುದಾದರೆ ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಮಾಡಿ. ಮೇಲಿನ ಬರ್ತಿಗೆ ಏಣಿಯ ಸಣ್ಣ ಮೆಟ್ಟಿಲಲ್ಲಿ ಹತ್ತಬೇಕು, ನಡುರಾತ್ರಿ ಇಳಿಯಬೇಕೆಂದರೆ ಇನ್ನೂ ಕಷ್ಟ.

3. ಹುಡುಕಿ: ತಾರೀಖಿನಲ್ಲಿ ಮೋಸ ಹೋಗಬೇಡಿ

ಬುಕಿಂಗ್ ವ್ಯವಸ್ಥೆಗೆ ‘ಅವತಾರ್’ ಎಂದು ಹೆಸರು. ಕೆಎಸ್‌ಆರ್‌ಟಿಸಿ ಡಾಟ್ ಇನ್ ಎಂಬ ತಾಣ, ನಿಗಮದ ಮೊಬೈಲ್ ಆ್ಯಪ್, ನಿಲ್ದಾಣದ ರಿಸರ್ವೇಶನ್ ಕೌಂಟರ್, ಊರಿನ ಅಧಿಕೃತ ಏಜೆಂಟ್, ಎಲ್ಲಿ ಮಾಡಿದರೂ ಸೀಟು ಬರುವುದು ಅದರಿಂದಲೇ. ಹೊರಡುವ ಊರು, ಸೇರುವ ಊರು, ತಾರೀಖು ಹಾಕಿದರೆ ಪಟ್ಟಿ ತೆರೆಯುತ್ತದೆ.

ಇಲ್ಲಿ ಅತಿ ಹೆಚ್ಚು ಜನ ಎಡವುವುದು ನಡುರಾತ್ರಿಯ ಬಸ್ಸಿನಲ್ಲಿ. ಶುಕ್ರವಾರ 14ನೇ ತಾರೀಖು ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ 12:15ರ ಬಸ್ ಹಿಡಿಯಬೇಕು ಎಂದುಕೊಳ್ಳಿ. ನಮ್ಮ ಮಾತಿನಲ್ಲಿ ಅದು ‘ಶುಕ್ರವಾರ ರಾತ್ರಿ’. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಶನಿವಾರ 15ನೇ ತಾರೀಖು 00:15. ನೀವು 14 ಎಂದು ಹಾಕಿ 12:15ರ ಬಸ್ ಹಿಡಿದರೆ, ಆ ಬಸ್ ಗುರುವಾರ ರಾತ್ರಿಯೇ ಹೋಗಿಯಾಗಿರುತ್ತದೆ. ಒಂದು ದೀಪಾವಳಿಯ ರಾತ್ರಿ ಮೆಜೆಸ್ಟಿಕ್‌ನಲ್ಲಿ ವಯಸ್ಸಾದ ದಂಪತಿಯೊಬ್ಬರು ಮಗ ಕಳಿಸಿದ ಟಿಕೆಟ್ಟಿನ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ನಿಂತಿದ್ದರು. ಸೀಟ್ ನಂಬರ್ ಸರಿ, ಸಮಯ ಸರಿ, ಊರೂ ಸರಿ. ತಾರೀಖು ಮಾತ್ರ ಇಪ್ಪತ್ನಾಲ್ಕು ಗಂಟೆ ಹಿಂದಿನದು. ಕಂಡಕ್ಟರ್ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಆವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ರಾತ್ರಿ ಹನ್ನೆರಡು ದಾಟಿದ ಬಸ್ಸಾದರೆ ಕ್ಯಾಲೆಂಡರಿನ ಮುಂದಿನ ಮನೆಗೆ ಹೋಗಿ.

ಟಿಕೆಟ್ಟಿನ ಮೇಲೆ ‘ಟ್ರಿಪ್ ಕೋಡ್’ ಎಂದು ಒಂದು ಸಾಲಿರುತ್ತದೆ. ಅಂಕಿ ಮತ್ತು ಅಕ್ಷರ ಸೇರಿದ ಆ ಕೋಡ್ ಓದಲು ಕಲಿತರೆ ಬಹಳ ಅನುಕೂಲ. ಮೊದಲ ನಾಲ್ಕು ಅಂಕಿ ಬಸ್ ಹೊರಡುವ ಸಮಯ, ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ. 2245 ಎಂದಿದ್ದರೆ ರಾತ್ರಿ ಹತ್ತೂ ಮುಕ್ಕಾಲು, 0015 ಎಂದಿದ್ದರೆ ನಡುರಾತ್ರಿ ಹನ್ನೆರಡೂ ಕಾಲು. ಆಮೇಲಿನ ಅಕ್ಷರಗಳು ಬಸ್ ಹೊರಡುವ ಊರು ಮತ್ತು ಕೊನೆಗೆ ಮುಟ್ಟುವ ಊರಿನ ಸಂಕ್ಷಿಪ್ತ ಹೆಸರು. ಎಚ್ಚರ: ಆ ಸಮಯ ಬಸ್ ಮೊದಲ ನಿಲ್ದಾಣದಿಂದ ಹೊರಡುವ ಸಮಯ, ನೀವು ಹತ್ತುವ ಜಾಗಕ್ಕೆ ಬರುವ ಸಮಯವಲ್ಲ. ನೀವು ದಾರಿ ಮಧ್ಯೆ ಹತ್ತುವವರಾದರೆ ಟಿಕೆಟ್ಟಿನಲ್ಲಿ ನಿಮ್ಮ ನಿಲುಗಡೆಯ ಮುಂದೆ ಬರೆದಿರುವ ಸಮಯ ನೋಡಿ.

ಹಬ್ಬದ ದಿನಗಳಲ್ಲಿ ಪಟ್ಟಿಯೆಲ್ಲ ಭರ್ತಿ ಎಂದು ಕಂಡರೆ ಕೈಚೆಲ್ಲಬೇಡಿ. ದಸರಾ, ದೀಪಾವಳಿ, ಗಣೇಶ ಹಬ್ಬ, ಯುಗಾದಿಗೆ ನಿಗಮ ಹೆಚ್ಚುವರಿ ಬಸ್ ಬಿಡುತ್ತದೆ, ಅವು ಆನ್‌ಲೈನ್ ಪಟ್ಟಿಗೆ ತಡವಾಗಿ ಸೇರುತ್ತವೆ. ದಿನಕ್ಕೊಮ್ಮೆ ನೋಡುತ್ತಿರಿ. ನಿಮ್ಮ ಊರು ಸಿಗದಿದ್ದರೆ ಅದೇ ದಾರಿಯಲ್ಲಿ ಮುಂದಿರುವ ಊರು ಹಾಕಿ ನೋಡಿ. ಸಕಲೇಶಪುರಕ್ಕೆ ಸೀಟಿಲ್ಲದಿದ್ದರೂ ಅದನ್ನು ಹಾದುಹೋಗುವ ಮಂಗಳೂರಿನ ಬಸ್ಸಿನಲ್ಲಿ ಇರಬಹುದು. ದರ ಸ್ವಲ್ಪ ಹೆಚ್ಚು ಬೀಳುತ್ತದೆ, ಆ ಬಸ್ ನಿಮ್ಮ ಊರಿನಲ್ಲಿ ನಿಲ್ಲುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು.

4. ಸೀಟು

ಬಸ್ಸಿನ ನಕ್ಷೆ ತೆರೆದಾಗ ಖಾಲಿ ಸೀಟಿಗೆ ಒಂದು ಬಣ್ಣ, ತುಂಬಿದ್ದಕ್ಕೆ ಒಂದು, ಮಹಿಳೆಯರು ಕೂತಿರುವುದಕ್ಕೆ ಇನ್ನೊಂದು. ಕೆಳಗೆ ಬಣ್ಣದ ವಿವರಣೆ ಇರುತ್ತದೆ, ಓದಿ. ಹಿಂದಿನ ಚಕ್ರದ ಮೇಲಿನ ಸೀಟು ಮತ್ತು ಕಟ್ಟಕಡೆಯ ಸಾಲು ಬಿಡುವುದು ಒಳ್ಳೆಯದು. ಹಂಪ್ ಸಿಕ್ಕಾಗ ಎತ್ತಿಹಾಕುವುದು ಅಲ್ಲೇ. ಉದ್ದನೆಯ ಎಸಿ ಬಸ್ಸುಗಳಲ್ಲಿ ಎಂಜಿನ್ ಹಿಂದಿರುವುದರಿಂದ ಕಡೆಯ ಸಾಲಿಗೆ ಸದ್ದೂ ಜಾಸ್ತಿ. ಬಸ್ಸಿನ ನಡುಭಾಗ ಎಲ್ಲಕ್ಕಿಂತ ಸುಖ.

ಸ್ಲೀಪರಿನಲ್ಲಿ ಒಂದು ಕಡೆ ಒಂಟಿ ಬರ್ತ್, ಇನ್ನೊಂದು ಕಡೆ ಜೋಡಿ ಬರ್ತ್. ಒಬ್ಬರೇ ಹೋಗುವವರು ಒಂಟಿ ಬರ್ತನ್ನೇ ಹುಡುಕಿ. ಜೋಡಿ ಬರ್ತಿನಲ್ಲಿ ಅರ್ಧ ಮಾತ್ರ ನಿಮ್ಮದು, ಪಕ್ಕದಲ್ಲಿ ಅಪರಿಚಿತರು ಬರುತ್ತಾರೆ, ನಡುವೆ ಗೋಡೆ ಇರುವುದಿಲ್ಲ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗಂತೂ ಇದು ಮುಖ್ಯ. ಬುಕ್ ಮಾಡುವಾಗ ಹೆಣ್ಣೋ ಗಂಡೋ ಎನ್ನುವುದನ್ನು ಸರಿಯಾಗಿ ತುಂಬಿ. ಪಕ್ಕದ ಸೀಟು ಯಾರಿಗೆ ಸಿಗಬೇಕೆಂದು ವ್ಯವಸ್ಥೆ ಅದನ್ನು ನೋಡಿಯೇ ತೀರ್ಮಾನಿಸುತ್ತದೆ.

5. ಎಲ್ಲಿ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ

‘ಬೆಂಗಳೂರು’ ಎಂದು ಹಾಕಿದ ಮಾತ್ರಕ್ಕೆ ಬಸ್ ಮೆಜೆಸ್ಟಿಕ್‌ನಿಂದ ಹೊರಡುತ್ತದೆ ಎಂದುಕೊಳ್ಳಬೇಡಿ. ಮೈಸೂರು, ಮಡಿಕೇರಿ ಕಡೆಯ ಎಷ್ಟೋ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ತಮಿಳುನಾಡಿನ ಕಡೆಯವಕ್ಕೆ ಶಾಂತಿನಗರ ನಿಲ್ದಾಣವಿದೆ. ಮೆಜೆಸ್ಟಿಕ್‌ನಿಂದ ಸ್ಯಾಟಲೈಟ್‌ಗೆ ಐದಾರು ಕಿಲೋಮೀಟರ್. ಸಂಜೆಯ ಟ್ರಾಫಿಕ್‌ನಲ್ಲಿ ಆಟೊ ಹಿಡಿದರೆ ಬಸ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಹಾಗೇನಾದರೂ ಆದರೆ ನೇರಳೆ ಮಾರ್ಗದ ಮೆಟ್ರೊ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿಯಿರಿ, ಅದೇ ಬೇಗ.

ಬೇರೆ ಊರುಗಳಲ್ಲೂ ಈ ಗೊಂದಲ ಇದ್ದದ್ದೇ. ಮೈಸೂರಿನಲ್ಲಿ ದೂರದ ಬಸ್ಸುಗಳಿಗೆ ಸಬರ್ಬನ್ ನಿಲ್ದಾಣ, ಊರೊಳಗಿನ ಬಸ್ಸಿಗೆ ಸಿಟಿ ನಿಲ್ದಾಣ. ಹುಬ್ಬಳ್ಳಿಯಲ್ಲಿ ಹಳೇ ನಿಲ್ದಾಣ ಬೇರೆ, ಗೋಕುಲ ರಸ್ತೆಯ ಹೊಸ ನಿಲ್ದಾಣ ಬೇರೆ. ಮಂಗಳೂರಿನಲ್ಲಿ ಸರ್ಕಾರಿ ಬಸ್ಸಿಗೆ ಬಿಜೈ, ಖಾಸಗಿ ಬಸ್ಸುಗಳಿಗೆ ಸ್ಟೇಟ್ ಬ್ಯಾಂಕ್. ಊರಿಗೆ ಹೊಸಬರಾದರೆ ಆಟೊದವರಿಗೆ ‘ಬಸ್‌ಸ್ಟ್ಯಾಂಡ್’ ಎಂದಷ್ಟೇ ಹೇಳದೆ ಯಾವ ಬಸ್‌ಸ್ಟ್ಯಾಂಡ್ ಎಂದು ಬಿಡಿಸಿ ಹೇಳಿ.

ಬುಕ್ ಮಾಡುವಾಗ ‘ಪಿಕಪ್ ಪಾಯಿಂಟ್’ ಎಂದು ಬರುತ್ತದೆ, ಅಂದರೆ ನೀವು ಬಸ್ ಹತ್ತುವ ಜಾಗ. ತುಮಕೂರು ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಇಂಥವು ಪಟ್ಟಿಯಲ್ಲಿರುತ್ತವೆ. ಪೀಣ್ಯದಲ್ಲಿ ಮನೆ ಇಟ್ಟುಕೊಂಡು ಮೆಜೆಸ್ಟಿಕ್‌ವರೆಗೆ ಬರಬೇಕಾಗಿಲ್ಲ. ಆದರೆ ಟಿಕೆಟ್ಟಿನಲ್ಲಿ ಮೆಜೆಸ್ಟಿಕ್ ಎಂದು ಹಾಕಿ ಜಾಲಹಳ್ಳಿ ಕ್ರಾಸಿನಲ್ಲಿ ಕಾಯುತ್ತಾ ನಿಲ್ಲಬೇಡಿ. ಕಂಡಕ್ಟರ್ ಕೈಯಲ್ಲಿರುವ ಪಟ್ಟಿಯಲ್ಲಿ ನಿಮ್ಮ ಹೆಸರು ಮೆಜೆಸ್ಟಿಕ್ ಮುಂದೆ ಇರುತ್ತದೆ. ನೀವು ಅಲ್ಲಿ ಕಾಣದಿದ್ದರೆ ಅವರು ಬಂದಿಲ್ಲ ಎಂದೇ ಬರೆದುಕೊಳ್ಳುತ್ತಾರೆ. ಅನಿವಾರ್ಯವಾಗಿ ಜಾಗ ಬದಲಾಯಿಸಬೇಕಾದರೆ ಬಸ್ ಹೊರಡುವ ಮೊದಲೇ ಕಂಡಕ್ಟರ್‌ಗೆ ಫೋನ್ ಮಾಡಿ ಹೇಳಿ.

ರಸ್ತೆ ಬದಿಯ ನಿಲುಗಡೆಯಾದರೆ ಫ್ಲೈಓವರ್ ಕೆಳಗೋ ಮೇಲೋ, ಸರ್ವಿಸ್ ರಸ್ತೆಯಲ್ಲೋ ಎಂದು ಕೇಳಿಕೊಳ್ಳಿ. ಎದುರಿಗೇ ಬಸ್ ಹಾದುಹೋದರೂ ನಿಲ್ಲಿಸಲಾಗದ ಜಾಗಗಳಿವೆ.

6. ಶಕ್ತಿ ಯೋಜನೆ ಮತ್ತು ಉಳಿದ ರಿಯಾಯಿತಿಗಳು

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕರ್ನಾಟಕ ಸಾರಿಗೆ, ಅಶ್ವಮೇಧ ಎರಡೂ ಇದರೊಳಗೆ ಬರುತ್ತವೆ. ರಾಜಹಂಸ, ಪಲ್ಲಕ್ಕಿ, ಐರಾವತ, ಅಂಬಾರಿ ಬರುವುದಿಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಯೋಜನೆ ಇಲ್ಲ. ‘ನಮ್ಮಮ್ಮನ ಹತ್ತಿರ ಯಾಕೆ ದುಡ್ಡು ತೆಗೆದುಕೊಂಡರು’ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇಲ್ಲೇ ಇರುತ್ತದೆ: ಬಸ್ಸಿನ ಮುಂದಿನ ಬೋರ್ಡಿನಲ್ಲಿ ಊರಿನ ಹೆಸರನ್ನಷ್ಟೇ ನೋಡಿ ಹತ್ತಿರುತ್ತಾರೆ, ವರ್ಗ ನೋಡಿರುವುದಿಲ್ಲ.

ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಆಧಾರಿನಲ್ಲಿ ವಿಳಾಸ ಬೇರೆ ರಾಜ್ಯದ್ದೇ ಉಳಿದಿದ್ದರೆ, ಇಲ್ಲಿ ಎಷ್ಟು ವರ್ಷದಿಂದ ಇದ್ದರೂ ಕಂಡಕ್ಟರ್ ಒಪ್ಪುವ ಹಾಗಿಲ್ಲ. ಮೊದಲು ವಿಳಾಸ ಬದಲಾಯಿಸಿಕೊಳ್ಳಿ. ಉಚಿತವಾದರೂ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು, ಇಳಿಯುವವರೆಗೆ ಇಟ್ಟುಕೊಳ್ಳಬೇಕು. ತಪಾಸಣೆಗೆ ಬಂದವರಿಗೆ ತೋರಿಸಬೇಕಾದದ್ದು ಅದನ್ನೇ. ಈ ಯೋಜನೆ ನಡೆಯುವ ದೂರದ ಬಸ್ಸುಗಳಲ್ಲಿ ಅರ್ಧದಷ್ಟು ಸೀಟು ಪುರುಷರಿಗೆ ಮೀಸಲು ಎಂಬುದು ಎರಡೂ ಕಡೆಯವರಿಗೆ ಗೊತ್ತಿದ್ದರೆ ಜಗಳವಿಲ್ಲ.

ಹಿರಿಯ ನಾಗರಿಕರಿಗೆ, ಅಂದರೆ 60 ತುಂಬಿದ ರಾಜ್ಯದ ನಿವಾಸಿಗಳಿಗೆ, ಮೂಲ ದರದಲ್ಲಿ ಶೇ 25 ರಿಯಾಯಿತಿ ಇದೆ. ಎಸಿ ಬಸ್ಸುಗಳಿಗೆ ಇಲ್ಲ. ಆನ್‌ಲೈನಿನಲ್ಲಿ ವಯಸ್ಸು ಹಾಕಿದರೆ ಸಾಲದು, ಹಿರಿಯ ನಾಗರಿಕ ಎಂಬ ವಿಭಾಗವನ್ನೇ ಆರಿಸಬೇಕು. ಪ್ರಯಾಣದ ದಿನ ವಯಸ್ಸಿನ ಮೂಲ ದಾಖಲೆ ಕೈಯಲ್ಲಿರಬೇಕು. ಮಕ್ಕಳಿಗೆ 6 ವರ್ಷ ತುಂಬಿದ ಮೇಲೆ 12ರವರೆಗೆ ಅರ್ಧ ಟಿಕೆಟ್. ಎತ್ತರ ಬೆಳೆದ ಮಗುವಾದರೆ ವಯಸ್ಸಿನ ದಾಖಲೆಯ ಒಂದು ಪ್ರತಿ ಇಟ್ಟುಕೊಳ್ಳಿ.

ಬಹಳ ಜನರಿಗೆ ಗೊತ್ತಿಲ್ಲದ ಎರಡು ರಿಯಾಯಿತಿ ಹೇಳುತ್ತೇನೆ. ನಾಲ್ಕು ಅಥವಾ ಹೆಚ್ಚು ಜನರನ್ನು ಒಂದೇ ಟಿಕೆಟ್ಟಿನಲ್ಲಿ ಬುಕ್ ಮಾಡಿದರೆ ದರದಲ್ಲಿ ಶೇ 5 ಕಡಿಮೆ. ಹೋಗುವುದನ್ನೂ ಬರುವುದನ್ನೂ ಒಟ್ಟಿಗೇ ಬುಕ್ ಮಾಡಿದರೆ ಬರುವ ಟಿಕೆಟ್ಟಿನ ಮೇಲೆ ಶೇ 10 ಕಡಿಮೆ. ಮನೆಮಂದಿಯೆಲ್ಲ ಹಬ್ಬಕ್ಕೆ ಹೊರಟಾಗ ಇಬ್ಬರದ್ದು ಇವನು, ಇಬ್ಬರದ್ದು ಅವಳು ಎಂದು ಬೇರೆ ಬೇರೆ ಫೋನಿನಲ್ಲಿ ಮಾಡಿದರೆ ಈ ಲಾಭ ಕೈತಪ್ಪುತ್ತದೆ.

7. ದುಡ್ಡು ಕಟ್ಟುವ ಹೊತ್ತು

ಕೊನೆಯ ಪುಟದಲ್ಲಿ ಕಾಣುವ ಮೊತ್ತ ಮೊದಲು ಕಂಡ ದರಕ್ಕಿಂತ ಹೆಚ್ಚಿದ್ದರೆ ಗಾಬರಿ ಬೇಡ. ರಿಸರ್ವೇಶನ್ ಶುಲ್ಕ, ಟೋಲ್, ಎಸಿ ಬಸ್ಸಾದರೆ ಶೇ 5 ಜಿಎಸ್‌ಟಿ ಸೇರುತ್ತವೆ. 2025ರ ಜನವರಿ 5ರಿಂದ ದರ ಶೇ 15 ಏರಿದೆ; ಅದಕ್ಕಿಂತ ಹಳೆಯ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಹೋಲಿಸಬೇಡಿ.

ಖಾತೆಯಿಂದ ದುಡ್ಡು ಹೋಗಿ ಟಿಕೆಟ್ ಬಾರದಿದ್ದರೆ ಕೂಡಲೇ ಎರಡನೇ ಸಲ ಕಟ್ಟಬೇಡಿ. ಮೊದಲು ನಿಮ್ಮ ಖಾತೆಯ ಬುಕಿಂಗ್ ಪಟ್ಟಿ ತೆರೆದು ನೋಡಿ. ಸಂದೇಶ ಬಾರದಿದ್ದರೂ ಟಿಕೆಟ್ ಆಗಿರುವುದುಂಟು. ಆಗಿಲ್ಲದಿದ್ದರೆ ವಹಿವಾಟಿನ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾದರೆ ಹೊಸದಾಗಿ ಬುಕ್ ಮಾಡಿ. ಸಿಕ್ಕಿಹಾಕಿಕೊಂಡ ದುಡ್ಡು ಕಟ್ಟಿದ ಖಾತೆಗೇ ಮರಳುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಅಲ್ಲಿ ವಂಚಕರು ಹಾಕಿದ ನಂಬರ್‌ಗಳಿರುತ್ತವೆ. ‘ರಿಫಂಡ್ ಕಳಿಸುತ್ತೇವೆ, ಈ ಲಿಂಕ್ ಒತ್ತಿ, ಯುಪಿಐ ಪಿನ್ ಹಾಕಿ’ ಎಂದರೆ ಅದು ಕಳ್ಳತನ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ದುಡ್ಡು ಹೋಗುವುದಕ್ಕೆ ಮಾತ್ರ ಬೇಕು. ಟಿಕೆಟ್ಟಿನ ಮೇಲೆ ಮತ್ತು ಅಧಿಕೃತ ತಾಣದಲ್ಲಿ ಇರುವ ನಂಬರನ್ನಷ್ಟೇ ಬಳಸಿ.

8. ಹೊರಡುವ ದಿನ

ಬಸ್ ಹೊರಡುವ ಮೊದಲು ಮೊಬೈಲಿಗೆ ಬಸ್ಸಿನ ನೋಂದಣಿ ಸಂಖ್ಯೆ, ಕಂಡಕ್ಟರ್ ಫೋನ್ ನಂಬರ್ ಇರುವ ಸಂದೇಶ ಬರುತ್ತದೆ. ಹಬ್ಬದ ರಾತ್ರಿ ಒಂದೇ ಬಣ್ಣದ, ಒಂದೇ ಊರಿನ ಬೋರ್ಡ್ ಇರುವ ನಾಲ್ಕು ಬಸ್ ಸಾಲಾಗಿ ನಿಂತಿರುತ್ತವೆ. ಆಗ ಬೋರ್ಡ್ ನೋಡಬೇಡಿ, ನಂಬರ್ ಪ್ಲೇಟ್ ನೋಡಿ. ಸಾರಿಗೆ ನಿಗಮಗಳ ಬಹುತೇಕ ಬಸ್ಸುಗಳಿಗೆ ಕೆಎ, ಅದರ ಪಕ್ಕ ಎರಡಂಕಿ, ಆಮೇಲೆ ‘ಎಫ್’ ಅಕ್ಷರ, ಕೊನೆಗೆ ನಂಬರ್ ಇರುತ್ತದೆ. ಸಂದೇಶದಲ್ಲಿ ಬಂದ ಕೊನೆಯ ನಾಲ್ಕಂಕಿ ಪ್ಲೇಟಿನ ಮೇಲಿದ್ದರೆ ಅದೇ ನಿಮ್ಮ ಬಸ್. ಖಾಸಗಿ ಬಸ್ಸಿನವರು ‘ಬನ್ನಿ ಸಾರ್, ಇದೇ ಬಸ್ಸು’ ಎಂದು ಬ್ಯಾಗಿಗೆ ಕೈ ಹಾಕಿದರೂ ಈ ಒಂದು ಅಕ್ಷರ ನಿಮ್ಮನ್ನು ಕಾಯುತ್ತದೆ.

ಕಾಲು ಗಂಟೆ ಮುಂಚೆ ಅಲ್ಲಿರಿ. ಮೆಜೆಸ್ಟಿಕ್‌ನಲ್ಲಾದರೆ ಅರ್ಧ ಗಂಟೆ. ಮೆಟ್ರೊದಿಂದ ಇಳಿದು ನಿಮ್ಮ ಪ್ಲಾಟ್‌ಫಾರಂ ಹುಡುಕಲು ಅಷ್ಟು ಬೇಕು. ಫೋನಿನ ಟಿಕೆಟ್ ಸಾಕು, ಆದರೆ ಚಾರ್ಜ್ ಮುಗಿದರೆ ಟಿಕೆಟ್ಟೂ ಇಲ್ಲ, ಗುರುತಿನ ಚೀಟಿಯೂ ಇಲ್ಲ. ಪಿಎನ್‌ಆರ್, ಅಂದರೆ ನಿಮ್ಮ ಬುಕಿಂಗಿನ ಸಂಖ್ಯೆ, ಮತ್ತು ಸೀಟ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಮಳೆಗಾಲದಲ್ಲಿ ಕರಾವಳಿಗೆ ಹೋಗುವವರು ಹೊರಡುವ ದಿನ ಘಾಟಿಯ ಸುದ್ದಿ ಕೇಳಿಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್ಸುಗಳು ಚಾರ್ಮಾಡಿ ಅಥವಾ ಸಂಪಾಜೆ ದಾರಿಯಲ್ಲಿ ಹೋಗಬೇಕಾಗುತ್ತದೆ, ತಲುಪುವುದು ಗಂಟೆಗಟ್ಟಲೆ ತಡವಾಗುತ್ತದೆ. ಬೆಳಿಗ್ಗೆ ಪರೀಕ್ಷೆಯೋ ಕೋರ್ಟ್ ಕೆಲಸವೋ ಇದ್ದರೆ ಜುಲೈ, ಆಗಸ್ಟ್‌ನಲ್ಲಿ ಹಿಂದಿನ ಹಗಲೇ ಹೊರಡುವುದು ಲೇಸು.

ಬಹುತೇಕ ಬಸ್ಸುಗಳಲ್ಲಿ ಶೌಚಾಲಯ ಇರುವುದಿಲ್ಲ. ಹತ್ತಿದ ಕೂಡಲೇ ಕಂಡಕ್ಟರ್ ಹತ್ತಿರ ‘ಎಲ್ಲೆಲ್ಲಿ ನಿಲ್ಲಿಸುತ್ತೀರಿ’ ಎಂದು ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಸಂಕೋಚ ಪಡದೆ ಮೊದಲೇ ಹೇಳಿ; ಹೇಳಿದವರಿಗಾಗಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಸ್ ನಿಂತಾಗ ಇಳಿಯುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳಿ ಇಳಿಯಿರಿ.

9. ಲಗೇಜು

ಒಬ್ಬರಿಗೆ 30 ಕಿಲೋವರೆಗೆ ಸ್ವಂತ ಬಳಕೆಯ ಸಾಮಾನು ಉಚಿತ, ಮಕ್ಕಳ ಟಿಕೆಟ್ಟಿಗೆ 15 ಕಿಲೋ. ಮಾರಾಟದ ಸರಕು ಇದರಲ್ಲಿ ಬರುವುದಿಲ್ಲ, ಅದಕ್ಕೆ ಲಗೇಜ್ ಟಿಕೆಟ್ ಮಾಡಿಸಬೇಕು. ನಾಯಿಯನ್ನು ಕರೆದೊಯ್ಯಬಹುದೇ ಎಂದು ಕೇಳುವವರಿಗೆ: ಕೆಂಪು ಬಸ್ಸಿನಲ್ಲಿ ಟಿಕೆಟ್ ಮಾಡಿಸಿ ಒಯ್ಯಬಹುದು, ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಬಿಡುವುದಿಲ್ಲ. ಜೊತೆಯಲ್ಲಿ ಹೋಗದೆ ಸಾಮಾನನ್ನಷ್ಟೇ ಕಳಿಸುವುದಿದ್ದರೆ 2021ರಿಂದ ‘ನಮ್ಮ ಕಾರ್ಗೊ’ ಸೇವೆ ಇದೆ, ನಿಲ್ದಾಣದ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯಿರಿ. ಡ್ರೈವರ್ ಕೈಗೆ ಹಾಗೇ ಕೊಟ್ಟು ಕಳಿಸುವುದು ಬೇಡ. ಕಳೆದರೆ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ.

ಡಿಕ್ಕಿಗೆ ಹಾಕುವ ಬ್ಯಾಗಿನ ಮೇಲೆ ಹೆಸರು, ಫೋನ್ ನಂಬರ್ ಬರೆಯಿರಿ. ಒಡವೆ, ಲ್ಯಾಪ್‌ಟಾಪ್, ಮಾತ್ರೆ, ಸರ್ಟಿಫಿಕೇಟ್ ಇವು ಮೈಮೇಲಿನ ಚೀಲದಲ್ಲೇ ಇರಲಿ.

10. ರದ್ದು ಮಾಡಬೇಕಾದರೆ

ಎಲ್ಲಿ ಬುಕ್ ಮಾಡಿದಿರೋ ಅಲ್ಲೇ ರದ್ದು ಮಾಡಬೇಕು. ಕೌಂಟರಿನಲ್ಲಿ ತೆಗೆದ ಟಿಕೆಟ್ಟಿಗೆ ಕೌಂಟರ್, ಬೇರೆ ಆ್ಯಪಿನಲ್ಲಿ ಮಾಡಿದ್ದಕ್ಕೆ ಆ ಆ್ಯಪ್. ಬಸ್ ಹೊರಡುವ ಸಮಯ ಹತ್ತಿರವಾದಷ್ಟೂ ಕಡಿತ ಹೆಚ್ಚುತ್ತದೆ, ಕೊನೇ ಗಳಿಗೆಯಲ್ಲಿ ಏನೂ ಸಿಗುವುದಿಲ್ಲ. ಎಷ್ಟು ಕಡಿತ ಎಂಬುದು ರದ್ದು ಮಾಡುವ ಪುಟದಲ್ಲಿ, ಒತ್ತುವ ಮೊದಲೇ ಕಾಣುತ್ತದೆ. ರಿಸರ್ವೇಶನ್ ಶುಲ್ಕ ವಾಪಸ್ ಬರುವುದಿಲ್ಲ. ಇಲ್ಲಿ ‘ಹೊರಡುವ ಸಮಯ’ ಎಂದರೆ ಬಸ್ಸಿನ ಮೊದಲ ನಿಲ್ದಾಣದ ಸಮಯ ಎಂದೇ ಲೆಕ್ಕ ಹಿಡಿಯಿರಿ. ಬೆಂಗಳೂರಿನಿಂದ ರಾತ್ರಿ ಹನ್ನೊಂದಕ್ಕೆ ಹೊರಟ ಬಸ್ಸನ್ನು ನೀವು ಹಾಸನದಲ್ಲಿ ಎರಡು ಗಂಟೆಗೆ ಹತ್ತುವವರಾದರೆ, ಒಂದು ಗಂಟೆಗೆ ರದ್ದು ಮಾಡಲು ಕೂತರೆ ತಡವಾಗಿರುತ್ತದೆ.

ನಾಲ್ವರಲ್ಲಿ ಒಬ್ಬರು ಬರುತ್ತಿಲ್ಲ ಎಂದರೆ ಇಡೀ ಟಿಕೆಟ್ ರದ್ದು ಮಾಡಬೇಕಾಗಿಲ್ಲ, ಅವರ ಸೀಟನ್ನಷ್ಟೇ ಬಿಡಬಹುದು.

11. ಇಳಿದ ಮೇಲೂ ಟಿಕೆಟ್ ಅಳಿಸಬೇಡಿ

ಬ್ಯಾಗೋ ಕನ್ನಡಕವೋ ಬಸ್ಸಿನಲ್ಲೇ ಉಳಿದರೆ ಮೊದಲು ಸಂದೇಶದಲ್ಲಿರುವ ಕಂಡಕ್ಟರ್ ನಂಬರಿಗೆ ಫೋನ್ ಮಾಡಿ. ಅವರ ಪಾಳಿ ಮುಗಿದಿದ್ದರೆ ನಿಲ್ದಾಣದ ಸಂಚಾರ ನಿಯಂತ್ರಕರ ಬಳಿ ಹೋಗಿ ಬಸ್ಸಿನ ನಂಬರ್, ಟ್ರಿಪ್ ಕೋಡ್, ಸೀಟ್ ನಂಬರ್ ಕೊಡಿ. ಅವರು ಡಿಪೋಗೆ ತಿಳಿಸುತ್ತಾರೆ. ಬಸ್ ಡಿಪೋ ಸೇರಿ ತೊಳೆಯುವುದಕ್ಕೆ ಹೋಗುವ ಮೊದಲು ಈ ಕೆಲಸ ಆಗಬೇಕು, ಅಂದರೆ ಇಳಿದ ಒಂದೆರಡು ಗಂಟೆಯೊಳಗೆ.

ದೂರು ಕೊಡುವುದಿದ್ದರೂ ಇಂಥ ವಿವರಗಳೇ ಬೇಕು. ‘ಮೊನ್ನೆ ರಾತ್ರಿ ಬಸ್ಸಿನಲ್ಲಿ’ ಎಂದು ಬರೆದ ದೂರಿಗೂ, ತಾರೀಖು, ಟ್ರಿಪ್ ಕೋಡ್, ಬಸ್ಸಿನ ನಂಬರ್ ಹಾಕಿದ ದೂರಿಗೂ ಬರುವ ಉತ್ತರದಲ್ಲಿ ಅಜಗಜಾಂತರ ಇರುತ್ತದೆ. ಇನ್ನೊಂದು ಕಾರಣಕ್ಕೂ ಟಿಕೆಟ್ ಜೋಪಾನ: ಬಸ್ ಅಪಘಾತದಲ್ಲಿ ಪ್ರಯಾಣಿಕರು ಮೃತಪಟ್ಟರೆ ಕೆಎಸ್‌ಆರ್‌ಟಿಸಿ ತನ್ನ ಪರಿಹಾರ ನಿಧಿಯಿಂದ ಕೊಡುವ ಮೊತ್ತವನ್ನು 2024ರ ಜನವರಿ 1ರಿಂದ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿದೆ, ಮತ್ತು ಆ ಬಸ್ಸಿನಲ್ಲಿ ನೀವಿದ್ದಿರಿ ಎಂಬುದಕ್ಕೆ ಮನೆಯವರ ಕೈಯಲ್ಲಿ ಉಳಿಯುವ ದಾಖಲೆ ಅದೊಂದೇ. ಆದ್ದರಿಂದ ಟಿಕೆಟ್ ಆದ ಕೂಡಲೇ ಅದರ ಒಂದು ಪ್ರತಿಯನ್ನು ಮನೆಯಲ್ಲಿರುವ ಒಬ್ಬರಿಗೆ ವಾಟ್ಸ್‌ಆ್ಯಪ್ ಮಾಡಿ. ಬಸ್ಸಿನ ನಂಬರ್ ಬಂದಾಗ ಅದನ್ನೂ ಕಳಿಸಿ.